ಎಂಜಿಬಿಗೆ ರೋವರ್ ವಿ8 ಕೂರಿಸುತ್ತಿದ್ದೇನೆ, ರೇಡಿಯೇಟರ್ ಯಾವುದು ಹಾಕಲಿ?

ಸೋಲಿಹಲ್_ಸತೀಶ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) ಇದೆ, ಕ್ರೋಮ್ ಬಂಪರ್‌ನದ್ದು. ಅದರ 1798 ಸಿಸಿ ಬಿ-ಸೀರೀಸ್ ಎಂಜಿನ್ ಇಳಿಸಿ ಆಯ್ತು. ಆ ಜಾಗಕ್ಕೆ ಹಳೆ ರೇಂಜ್ ರೋವರ್‌ನಿಂದ ಬಂದ 3.9 ಲೀಟರ್ ರೋವರ್ ವಿ8 (ಎಂಟು ಸಿಲಿಂಡರ್ ಎಂಜಿನ್) ಹೋಗುತ್ತದೆ. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಎಲ್ಲಾ ತೀರ್ಮಾನ ಆಗಿದೆ. ಸಿಕ್ಕಿಹಾಕಿಕೊಂಡಿರುವುದು ರೇಡಿಯೇಟರ್ ವಿಷಯದಲ್ಲಿ.

ಮೂರು ದಾರಿ ಕಾಣುತ್ತಿದೆ. ಒಂದು, ಈಗಿರುವ ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರ್‌ಗೇ ದಪ್ಪ ಕೋರ್ (ನೀರಿನ ಟ್ಯೂಬ್, ಗಾಳಿ ತಾಗುವ ತೆಳು ರೆಕ್ಕೆಗಳಿರುವ ನಡುಭಾಗ) ಹಾಕಿಸುವುದು. ಎರಡು, ಕಂಪನಿಯ ಎಂಜಿಬಿ ಜಿಟಿ ವಿ8ನಲ್ಲಿ ಇದ್ದ ಮಾದರಿಯದ್ದನ್ನೇ ತರುವುದು. ಮೂರು, ಎಲ್ಲಾ ಕಾರಿಗೂ ಆಗುತ್ತೆ ಅಂತ ಮಾರುವ 56 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕ್ರಾಸ್‌ಫ್ಲೋ (ನೀರು ಅಡ್ಡಕ್ಕೆ ಹರಿಯುವ ರೇಡಿಯೇಟರ್). ನನ್ನ ಮನಸ್ಸು ಮೂರನೇದರ ಮೇಲಿದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅಲ್ವಾ? ರೋವರ್ ವಿ8 ತುಂಬಾ ಹೀಟ್ ಆಗುತ್ತೆ ಅಂತ ಇಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ.

ಹುಬ್ಳಿ_ಗ್ಯಾರೇಜ್:
ತಾಮ್ರ ಬಿಡಬೇಡ್ರಿ ಸರ್. ಶಾಖ ಸಾಗಿಸುವುದರಲ್ಲಿ ತಾಮ್ರದ ಮುಂದೆ ಅಲ್ಯೂಮಿನಿಯಂ ಏನೂ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಮೇಲಾಗಿ ತೂತು ಬಿದ್ದರೆ ಬೆಸುಗೆ ಹಾಕಿ ಸಂಜೆಗೆ ಗಾಡಿ ಹೊರಗೆ ಬಿಡಬಹುದು. ಅಲ್ಯೂಮಿನಿಯಂ ಸೋರಿದರೆ ಟಿಗ್ ವೆಲ್ಡಿಂಗ್ ಬರುವವನನ್ನು ಹುಡುಕಬೇಕು. ಅವನೂ ಹಳೇ ರೇಡಿಯೇಟರ್ ನೋಡಿ ಮುಖ ತಿರುಗಿಸುತ್ತಾನೆ. ನಮ್ಮ ಕಡೆ ಅಂಬಾಸಿಡರ್, ಜೀಪು ಎಲ್ಲಾ ಹಿತ್ತಾಳೆ ರೇಡಿಯೇಟರ್‌ನಲ್ಲೇ ಬಿಸಿಲು ಕಳೆದವಲ್ರೀ.

ಜಯನಗರ_ಕೂಲೆಂಟ್:
ರಿಪೇರಿ ಮಾತು ಒಪ್ಪುತ್ತೇನೆ. ಶಾಖದ ಮಾತು ಅರ್ಧ ಮಾತ್ರ ನಿಜ. ನಾನು ಭಾರಿ ವಾಹನಗಳ ರೇಡಿಯೇಟರ್ ವಿನ್ಯಾಸದ ಕೆಲಸದಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಶುದ್ಧ ತಾಮ್ರ ಸುಮಾರು 400, ಅಲ್ಯೂಮಿನಿಯಂ ಸುಮಾರು 235 (ವ್ಯಾಟ್, ಪ್ರತಿ ಮೀಟರ್, ಪ್ರತಿ ಡಿಗ್ರಿ). ಆದರೆ ಹಳೇ ರೇಡಿಯೇಟರ್‌ನಲ್ಲಿ ತಾಮ್ರ ಇರುವುದು ಫಿನ್‌ನಲ್ಲಿ, ಅಂದರೆ ಆ ತೆಳು ರೆಕ್ಕೆಗಳಲ್ಲಿ. ನೀರು ಹರಿಯುವ ಟ್ಯೂಬ್ ಹಿತ್ತಾಳೆ. ಅದು 120ರ ಆಸುಪಾಸು. ಎರಡನ್ನೂ ಕೂಡಿಸಿರುವುದು ಸೀಸದ ಬೆಸುಗೆ. ಅದು ಇನ್ನೂ ಕಡಿಮೆ. ಅಲ್ಯೂಮಿನಿಯಂ ಕೋರ್‌ನಲ್ಲಿ ಟ್ಯೂಬು, ಫಿನ್ನು ಎರಡೂ ಒಂದೇ ಲೋಹ, ಕುಲುಮೆಯಲ್ಲಿ ಒಟ್ಟಿಗೇ ಕೂಡಿಸಿರುತ್ತಾರೆ. ಗಟ್ಟಿ ಇರುವುದರಿಂದ ಟ್ಯೂಬ್ ಅಗಲ ಮಾಡಬಹುದು. ಹಿತ್ತಾಳೆ ಟ್ಯೂಬ್ ಸಾಮಾನ್ಯವಾಗಿ ಅರ್ಧ ಇಂಚು ಅಗಲ, ಅಲ್ಯೂಮಿನಿಯಂನಲ್ಲಿ ಒಂದು ಇಂಚು ಮಾಮೂಲಿ. ಹಾಗಾಗಿ ಒಂದಿಂಚಿನ ಎರಡು ಸಾಲು ಅಂದರೆ ಅರ್ಧ ಇಂಚಿನ ನಾಲ್ಕು ಸಾಲಿಗೆ ಸಮ. ಸಾಲು ಎಷ್ಟು ಅಂತ ಎಣಿಸಿ ರೇಡಿಯೇಟರ್ ಕೊಳ್ಳಬೇಡಿ.

ಆದರೂ ಲೋಹದಿಂದ ಆಗುವ ವ್ಯತ್ಯಾಸ ಚಿಕ್ಕದು. ನೀರಿನಿಂದ ಲೋಹಕ್ಕೆ ಶಾಖ ಸುಲಭವಾಗಿ ದಾಟುತ್ತದೆ. ಲೋಹದಿಂದ ಗಾಳಿಗೆ ದಾಟುವುದೇ ಕಷ್ಟ. ಗಾಳಿ ಸರಿಯಾಗಿ ಹೋಗದಿದ್ದರೆ ಬೆಳ್ಳಿ ರೇಡಿಯೇಟರ್ ಹಾಕಿದರೂ ಅಷ್ಟೇ.

ಸತೀಶ್, ಒಂದು ಪ್ರಶ್ನೆ. ಎಲ್ಲಿ ಓಡಿಸುತ್ತೀರಿ? ಟ್ರ್ಯಾಕ್, ಮೋಟಾರ್‌ವೇ, ಊರೊಳಗೆ?

ಸೋಲಿಹಲ್_ಸತೀಶ:
ಟ್ರ್ಯಾಕ್ ಇಲ್ಲ ಸರ್. ವಾರಾಂತ್ಯದ ಸುತ್ತಾಟ, ನಡುವೆ ಎಂ6 ಮೋಟಾರ್‌ವೇ ಜಾಮ್. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗುತ್ತೇವೆ, ಹಾರ್ಡ್‌ನಾಟ್ ಪಾಸ್ ಹತ್ತಬೇಕು ಅಂತ ಆಸೆ.

ಮಂಡ್ಯ_ಮೈಲೇಜ್:
ಇಂಗ್ಲೆಂಡಿನಲ್ಲಿ ಕಾರು ಹೀಟ್ ಆಗುವುದು ಅಂದರೆ ಖುಷಿಪಡಬೇಕಾದ ವಿಷಯ ಅಲ್ವಾ ಗುರು? ಚಳಿಗಾಲಕ್ಕೆ ಬಿಟ್ಟುಬಿಡಿ ಹಾಗೇ.

ವೇಲ್ಸ್_ವೀಣಾ:
ಮೈಲೇಜ್ ಅವರೇ, ಮಳೆಗಾಲದ ಜಾಮ್‌ನಲ್ಲಿ ಕಾರಿನ ಬಟ್ಟೆ ಚಾವಣಿ ಮುಚ್ಚಿಕೊಂಡು ಕೂತು ನೋಡಿ, ಆಮೇಲೆ ಮಾತಾಡೋಣ.

ಸತೀಶ್, ನಮ್ಮ ಮನೆಯಲ್ಲಿ ಕಂಪನಿಯದೇ ಎಂಜಿಬಿ ಜಿಟಿ ವಿ8 ಇದೆ. 1973ರಿಂದ 1976ರವರೆಗೆ ಮಾಡಿದ್ದು, ಒಟ್ಟು 2591. ಎಂಜಿನ್ 3528 ಸಿಸಿ, 137 ಅಶ್ವಶಕ್ತಿ. ಅವರು ಎಂಜಿನ್ ಜೊತೆಗೆ ರೇಡಿಯೇಟರ್ ಇಡುವ ಜಾಗವನ್ನೂ ಬದಲಿಸಿದರು. ನಿಮ್ಮ 1972ರ ಕಾರಿನಲ್ಲಿ ರೇಡಿಯೇಟರ್ ಹಿಂದಕ್ಕಿದೆ, ಎಂಜಿನ್ ಹತ್ತಿರ. ವಿ8ನಲ್ಲಿ ಅದನ್ನು ಮುಂದಕ್ಕೆ ತಂದು, ಎಂಜಿನ್ ತಿರುಗಿಸುವ ಫ್ಯಾನ್ ತೆಗೆದು, ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಟ್ಟರು. ಬಿಸಿಯಾಗಿ ಹಿಗ್ಗಿದ ನೀರಿಗೆ ಬೇರೆ ಎಕ್ಸ್‌ಪಾನ್ಶನ್ ಟ್ಯಾಂಕ್ ಕೂಡ. ಆಮೇಲೆ 1977ರ ಮಾದರಿಯಿಂದ ನಾಲ್ಕು ಸಿಲಿಂಡರ್ ಕಾರಿಗೂ ರೇಡಿಯೇಟರ್ ಮುಂದಕ್ಕೇ ಬಂತು.

ಹಾಗಾಗಿ ನಿಮ್ಮ ಮೊದಲ ದಾರಿ ಬಿಟ್ಟುಬಿಡಿ. ಹಳೇ ಜಾಗದಲ್ಲಿ ಹಳೇ ರೇಡಿಯೇಟರ್ ಇಟ್ಟರೆ ಈ ವಿ8ನ ವಾಟರ್ ಪಂಪ್ ಮೂಗಿಗೂ ಕೋರ್‌ಗೂ ನಡುವೆ ಫ್ಯಾನ್ ಇಡಲು ಜಾಗ ಸಿಗುವುದಿಲ್ಲ. ಮುಂದಿನ ಪ್ಯಾನೆಲ್ ಕತ್ತರಿಸಿ, ರೇಡಿಯೇಟರ್ ಮುಂದಕ್ಕೆ ತರಲೇಬೇಕು. ಎಷ್ಟು ಜಾಗ ಸಿಗುತ್ತೆ ಅಂತ ಅಳೆದ ಮೇಲೆ ದಪ್ಪದ ಮಾತು.

ಜಯನಗರ_ಕೂಲೆಂಟ್:
ವೀಣಾ ಮೇಡಂ ಹೇಳಿದ್ದು ಸರಿ. ಈಗ ಲೆಕ್ಕ ಹಾಕೋಣ, ಹೆದರಿಕೆ ಅರ್ಧ ಇಳಿಯುತ್ತದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನದ ಶಕ್ತಿ ಸ್ಥೂಲವಾಗಿ ಮೂರು ಪಾಲಾಗುತ್ತದೆ. ಒಂದು ಪಾಲು ಚಕ್ರಕ್ಕೆ, ಒಂದು ಎಕ್ಸಾಸ್ಟ್‌ಗೆ, ಒಂದು ನೀರಿಗೆ. ಜಾಮ್‌ನಲ್ಲಿ ನಿಂತಾಗ ಇಂಥ ವಿ8 ಗಂಟೆಗೆ 2 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಲೀಟರಿಗೆ ಸುಮಾರು 32 ಮೆಗಾಜೂಲ್. ಅಂದರೆ 18 ಕಿಲೋವ್ಯಾಟ್ ಇಂಧನ, ಅದರಲ್ಲಿ ನೀರಿಗೆ 6. ಇಷ್ಟು ಶಾಖ ತೆಗೆಯಲು, ಗಾಳಿ 30 ಡಿಗ್ರಿ ಬಿಸಿಯಾಗಿ ಹೊರಬಂದರೆ, ಸೆಕೆಂಡಿಗೆ 0.2 ಕಿಲೋ ಗಾಳಿ ಸಾಕು. ಫ್ಯಾನ್ ಮಾರುವವರ ಭಾಷೆಯಲ್ಲಿ ಸುಮಾರು 370 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಪುಟಾಣಿ ಫ್ಯಾನ್ ಕೂಡ ಕೊಡುತ್ತದೆ.

ಮೋಟಾರ್‌ವೇನಲ್ಲಿ 110 ಕಿ.ಮೀ. ವೇಗಕ್ಕೆ ಈ ಕಾರಿಗೆ ಸುಮಾರು 20 ಕಿಲೋವ್ಯಾಟ್ ಬೇಕು. ನೀರಿಗೂ ಹೆಚ್ಚು ಕಡಿಮೆ ಅಷ್ಟೇ ಹೋಗುತ್ತದೆ. ಆದರೆ ಗಾಳಿ ಎದುರಿನಿಂದ ನುಗ್ಗುತ್ತಿರುತ್ತದೆ, ಫ್ಯಾನ್ ಬೇಕಾಗುವುದೇ ಇಲ್ಲ.

ಕಷ್ಟ ಇರುವುದು ನಿಮ್ಮ ಹಾರ್ಡ್‌ನಾಟ್‌ನಲ್ಲಿ. ಅಲ್ಲಿನ ಕಡಿದಾದ ಏರು ಮೂರಕ್ಕೆ ಒಂದು. 1100 ಕಿಲೋ ಕಾರನ್ನು ಅದರ ಮೇಲೆ 25 ಕಿ.ಮೀ. ವೇಗದಲ್ಲಿ ಎಳೆಯಲು 23-24 ಕಿಲೋವ್ಯಾಟ್ ಬೇಕು. ಅಂದರೆ ಮೋಟಾರ್‌ವೇಗಿಂತ ಜಾಸ್ತಿ ಶಾಖ, ಗಾಳಿ ಮಾತ್ರ ಸೈಕಲ್ ವೇಗದ್ದು. ಆಗ 1500 ಸಿಎಫ್‌ಎಂ ಹತ್ತಿರ ನಿಜವಾಗಿ ಕೋರ್ ಒಳಗೆ ಹೋಗಬೇಕು. ಡಬ್ಬದ ಮೇಲೆ ಬರೆದಿರುವುದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಸಂಖ್ಯೆ. ರೇಡಿಯೇಟರ್ ಮುಂದೆ ಇಟ್ಟರೆ ಅದು ಗಣನೀಯವಾಗಿ ಇಳಿಯುತ್ತದೆ. ಕೋರ್ ದಪ್ಪ ಆದಷ್ಟೂ, ಫಿನ್ ಒತ್ತೊತ್ತಾದಷ್ಟೂ ಇನ್ನೂ ಇಳಿಯುತ್ತದೆ.

ನಿಮ್ಮ 56 ಮಿ.ಮೀ.ಗೆ ನನ್ನ ತಕರಾರು ಇದೇ. ದಪ್ಪ ಕೋರ್‌ನ ಹಿಂದಿನ ಭಾಗಕ್ಕೆ ತಲುಪುವ ಗಾಳಿ ಆಗಲೇ ಬಿಸಿಯಾಗಿರುತ್ತದೆ, ಅಲ್ಲಿ ಅದು ಮಾಡುವ ಕೆಲಸ ಕಡಿಮೆ. ವೇಗದಲ್ಲಿ ಲಾಭ ಇದೆ, ನಿಧಾನ ಹೋಗುವಾಗ ನಷ್ಟ. ದಪ್ಪಕ್ಕಿಂತ ಮುಖದ ಅಗಲ-ಎತ್ತರ ಮುಖ್ಯ. ಗ್ರಿಲ್ ಹಿಂದೆ ಎಷ್ಟು ದೊಡ್ಡ ಮುಖ ಹಿಡಿಯುತ್ತದೋ ಅಷ್ಟು ಹಿಡಿಸಿ, ದಪ್ಪ 40-42 ಮಿ.ಮೀ.ಗೆ ನಿಲ್ಲಿಸಿ. ಉಳಿದ ಜಾಗ ಶ್ರೌಡ್‌ಗೆ (ಇಡೀ ಕೋರ್‌ನಿಂದ ಗಾಳಿಯನ್ನು ಫ್ಯಾನ್‌ಗೆ ಸಾಗಿಸುವ ಕವಚ) ಕೊಡಿ.

ಫೀನಿಕ್ಸ್_ಪ್ರಸಾದ:
ಇದಕ್ಕೆ ನನ್ನ ಸಾಕ್ಷಿ. ನಾನು ಅರಿಜೋನಾದಲ್ಲಿ ಡಾಟ್ಸನ್ 240ಝಡ್‌ಗೆ ಎಲ್ಎಸ್1 (ಜನರಲ್ ಮೋಟಾರ್ಸ್‌ನ ವಿ8 ಎಂಜಿನ್) ಹಾಕಿದ್ದೇನೆ. ಇಲ್ಲಿ ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲಿ. ನೀರು 90 ಡಿಗ್ರಿ ಇದ್ದರೆ ನಿಮಗೆ 20 ಡಿಗ್ರಿ ಹವೆಯಲ್ಲಿ 70ರ ಅಂತರ ಸಿಗುತ್ತೆ, ನನಗೆ 45ರ ಹತ್ತಿರ. ಅದೇ ರೇಡಿಯೇಟರ್ ನನ್ನ ಕಾರಿನಲ್ಲಿ ಮೂರನೇ ಒಂದು ಭಾಗ ಕೆಲಸ ಕಳೆದುಕೊಳ್ಳುತ್ತೆ.

ಮೊದಲು ಫ್ಯಾನ್‌ಗಳನ್ನು ಕೋರ್‌ಗೇ ಪ್ಲಾಸ್ಟಿಕ್ ಕಡ್ಡಿ ಚುಚ್ಚಿ ಕಟ್ಟಿದ್ದೆ, ಇಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಾರೆ. ಫ್ಯಾನ್ ತನ್ನ ದುಂಡಗಿನ ಜಾಗದಿಂದ ಮಾತ್ರ ಗಾಳಿ ಎಳೆಯಿತು, ನಾಲ್ಕು ಮೂಲೆ ಸುಮ್ನೆ ಬಿದ್ದಿದ್ದವು. ಅದೇ ಫ್ಯಾನ್, ಅದೇ ರೇಡಿಯೇಟರ್, ಪೂರ್ತಿ ಮುಚ್ಚುವ ಶ್ರೌಡ್ ಹಾಕಿಸಿದ ಮೇಲೆ ಸಿಗ್ನಲ್‌ನಲ್ಲಿ ಮುಳ್ಳು ಅಲ್ಲಾಡುತ್ತಿಲ್ಲ. ಫ್ಯಾನ್‌ಗೂ ಕೋರ್‌ಗೂ ಒಂದೆರಡು ಇಂಚು ಅಂತರ ಬಿಡಿ. ವೇಗದಲ್ಲಿ ಶ್ರೌಡೇ ಗಾಳಿಗೆ ಅಡ್ಡ ಬಾರದಿರಲಿ ಅಂತ ರಬ್ಬರ್ ಮುಚ್ಚಳ ಇರುವ ಕಿಂಡಿಗಳನ್ನು ಇಡುತ್ತಾರೆ, ಗಾಳಿ ಒತ್ತಿದಾಗ ತೆರೆದುಕೊಳ್ಳುತ್ತವೆ.

ಎಲ್ಎಸ್ ಹಾಕುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಸಿಲಿಂಡರ್ ಹೆಡ್‌ಗಳಿಂದ ಬರುವ ಸಣ್ಣ ಸ್ಟೀಮ್ ಪೈಪ್ ಇದೆಯಲ್ಲ, ಅದನ್ನು ಮುಚ್ಚಬೇಡಿ. ರೇಡಿಯೇಟರ್‌ನ ಮೇಲ್ತುದಿಗೋ ಟ್ಯಾಂಕಿಗೋ ಕೊಡಿ. ಇಲ್ಲದಿದ್ದರೆ ಹೆಡ್‌ನಲ್ಲಿ ಆವಿ ಕೂರುತ್ತದೆ.

ಹುಬ್ಳಿ_ಗ್ಯಾರೇಜ್:
ಜಯನಗರ ಸರ್, ಲೆಕ್ಕ ಸರಿ ಇದೆ. ಆದ್ರ 6 ಕಿಲೋವ್ಯಾಟ್ ಅಷ್ಟೇ ಇದ್ದರ ಜಾಮ್‌ನಲ್ಲಿ ಇಷ್ಟೊಂದು ಗಾಡಿ ಯಾಕ್ರಿ ಕುದೀತಾವು?

ಜಯನಗರ_ಕೂಲೆಂಟ್:
ಇದೇ ಕೇಳಬೇಕಾದ ಪ್ರಶ್ನೆ ಅಣ್ಣಾ. ಒಂದೇ ಗಾಳಿ ಮತ್ತೆ ಮತ್ತೆ ಸುತ್ತುವುದರಿಂದ. ಕೋರ್ ದಾಟಿ ಬಿಸಿಯಾದ ಗಾಳಿ ಬಾನೆಟ್ ಒಳಗೆ ತುಂಬಿಕೊಳ್ಳುತ್ತದೆ. ರೇಡಿಯೇಟರ್ ಪಕ್ಕದಲ್ಲಿ, ಮೇಲೆ, ಕೆಳಗೆ ಸಂದಿ ಇದ್ದರೆ ಅಲ್ಲಿಂದಲೇ ಮುಂದಕ್ಕೆ ಬಂದು ಫ್ಯಾನ್ ಅದನ್ನೇ ಎಳೆಯುತ್ತದೆ. ಆಗ ಹೊರಗೆ 20 ಡಿಗ್ರಿ ಇದ್ದರೂ ಕೋರ್‌ಗೆ ಬರುವುದು 60 ಡಿಗ್ರಿ ಗಾಳಿ. ಜನ ಇನ್ನೂ ದೊಡ್ಡ ರೇಡಿಯೇಟರ್ ತರುತ್ತಾರೆ. ಹತ್ತು ರೂಪಾಯಿಯ ಫೋಮ್ ಪಟ್ಟಿ ಅಂಟಿಸುವುದಿಲ್ಲ.

ವೇಗದಲ್ಲೂ ಇದೇ ಕಥೆ, ಆಗ ತಿರುಗಿಸಿ. ಗ್ರಿಲ್‌ನಿಂದ ಬಂದ ಗಾಳಿಗೆ ಕೋರ್ ಒಳಗೆ ನುಗ್ಗುವುದು ಕಷ್ಟ, ಸಂದಿಯಲ್ಲಿ ಹೋಗುವುದು ಸುಲಭ. ಅದು ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಹಾಗಾಗಿ ಸತೀಶ್, ಗ್ರಿಲ್‌ನಿಂದ ಕೋರ್‌ವರೆಗೆ ತೆಳು ತಗಡಿನಲ್ಲಿ ಪಕ್ಕದ ಗೋಡೆ ಮಾಡಿಸಿ, ಸಂದಿಗಳಿಗೆಲ್ಲ ಫೋಮ್ ತುಂಬಿ. ಮುಂದೆ ಆಯಿಲ್ ಕೂಲರ್ ಇದ್ದರೆ ಅದರ ಶಾಖವೂ ರೇಡಿಯೇಟರ್ ಮೇಲೇ ಬೀಳುತ್ತದೆ, ಪಕ್ಕಕ್ಕೋ ಕೆಳಕ್ಕೋ ಸರಿಸಿ.

ಸೋಲಿಹಲ್_ಸತೀಶ:
ಒಳಗೆ ಬರುವ ಗಾಳಿ ಅರ್ಥ ಆಯ್ತು. ಹೊರಗೆ ಹೋಗುವುದಕ್ಕೆ? ಬಾನೆಟ್‌ನ ಹಿಂದಿನ ಅಂಚನ್ನು ವಾಷರ್ ಇಟ್ಟು ಅರ್ಧ ಇಂಚು ಎತ್ತಿ ಅಂತ ಒಬ್ಬರು ಹೇಳಿದರು. ಖರ್ಚೇ ಇಲ್ಲ.

ವೇಲ್ಸ್_ವೀಣಾ:
ಬೇಡ. ನೋಡಲು ಗತ್ತಾಗಿರುತ್ತೆ, ನಿಂತಾಗ ಸ್ವಲ್ಪ ಬಿಸಿ ಹೊರಗೆ ಹೋಗುತ್ತೆ, ಅಷ್ಟೇ. ಓಡುವಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ. ಎಷ್ಟೋ ಕಾರುಗಳಲ್ಲಿ ಹೀಟರ್‌ಗೆ ಗಾಳಿ ತೆಗೆದುಕೊಳ್ಳುವುದೇ ಅಲ್ಲಿಂದ. ಬಾನೆಟ್ ಎತ್ತಿದರೆ ಅಲ್ಲಿಂದ ಒಳಗೆ ನುಗ್ಗುತ್ತೆ, ರೇಡಿಯೇಟರ್ ಹಿಂದೆ ಒತ್ತಡ ಏರುತ್ತೆ. ಕಿಂಡಿ ಮಾಡಲೇಬೇಕಿದ್ದರೆ ಬಾನೆಟ್‌ನ ಮುಂದಿನ ಭಾಗದಲ್ಲಿ, ರೇಡಿಯೇಟರ್ ಹಿಂದೆಯೇ ಮಾಡಿಸಿ. ಒಳ್ಳೆ ಎಂಜಿಬಿ ಬಾನೆಟ್ ಕೊರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಎಂಜಿಬಿಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದೆ. 1992ರಿಂದ 1995ರವರೆಗೆ ಬಂದ ಎಂಜಿ ಆರ್‌ವಿ8 ಕಾರು ನೋಡಿದ್ದೀರಾ? ಅದರಲ್ಲೂ 3.9 ಲೀಟರೇ, 190 ಅಶ್ವಶಕ್ತಿ. ಅದರ ಎಕ್ಸಾಸ್ಟ್ ಪೈಪ್‌ಗಳು ಒಳ ಮಡ್‌ಗಾರ್ಡ್ ತೂರಿಕೊಂಡು ಚಕ್ರದ ಬದಿಗೆ ಹೋಗುತ್ತವೆ. ಎಂಜಿನ್ ಪಕ್ಕದಲ್ಲಿ ಕೆಂಪಗೆ ಕಾಯುವ ಕಬ್ಬಿಣ ಇರುವುದಿಲ್ಲ. ತೂತಿನ ಸುತ್ತಲಿಂದ ಬಿಸಿ ಗಾಳಿಯೂ ಹೊರಗೆ ಹೋಗುತ್ತೆ. ಈ ಮಾದರಿಯ ಹೆಡರ್‌ಗಳು (ಎಂಜಿನ್‌ಗೆ ಕೂಡುವ ಎಕ್ಸಾಸ್ಟ್ ಪೈಪ್‌ಗಳು) ಮಾರಾಟಕ್ಕೆ ಸಿಗುತ್ತವೆ. ಕಾರಿಗೆ ಬಣ್ಣ ಹೊಡೆಸುವ ಮೊದಲೇ ಆ ತೂತು ಕೊರೆಸಿಬಿಡಿ. ರೇಡಿಯೇಟರ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಹೋಗಲಿ.

ಮಂಡ್ಯ_ಮೈಲೇಜ್:
ಒಂದು ಪ್ರಶ್ನೆ ನನ್ನದೂ. ಈ ಅಮೆರಿಕದ ಎಂಜಿನ್ ಬ್ರಿಟಿಷ್ ಕಾರಿಗೆ ಯಾಕೆ ಹಾಕುತ್ತೀರಿ? ಭಾರ ಜಾಸ್ತಿ ಆಗಲ್ವಾ?

ವೇಲ್ಸ್_ವೀಣಾ:
ಮೂಲ ಅಮೆರಿಕದ್ದೇ ನಿಜ, 1961ರ ಬ್ಯೂಕ್ 215. ಹಕ್ಕು ಕೊಂಡು ರೋವರ್ ಅದನ್ನು 1967ರಲ್ಲಿ ಪಿ5ಬಿಗೆ ಹಾಕಿತು. ಪೂರ್ತಿ ಅಲ್ಯೂಮಿನಿಯಂ. ಎಂಜಿಬಿಯ ಎರಕದ ಕಬ್ಬಿಣದ ನಾಲ್ಕು ಸಿಲಿಂಡರ್‌ಗೂ ಇದಕ್ಕೂ ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಅದಕ್ಕೇ ಈ ಜೋಡಿ ಇಷ್ಟು ಜನಪ್ರಿಯ.

ಫೀನಿಕ್ಸ್_ಪ್ರಸಾದ:
ಸತೀಶ್, ಇನ್ನೊಂದು ಕೇಳಬೇಕಿತ್ತು. ನಿಮ್ಮ ಎಂಜಿನ್ ಮುಂದೆ ಹಳೇ ವಿ-ಬೆಲ್ಟೋ, ಹೊಸ ಅಗಲದ ಪಟ್ಟಿ ಬೆಲ್ಟೋ? ಜಾಗ ಉಳಿಸಲು ಕೆಲವರು ಮುಂದಿನ ಕವರ್ ಬದಲಿಸುತ್ತಾರೆ. ಬೆಲ್ಟ್‌ನ ಬೆನ್ನು ತಿರುಗಿಸುವ ಪಂಪ್ ಉಲ್ಟಾ ತಿರುಗುತ್ತದೆ. ಅದಕ್ಕೆ ತಕ್ಕ ಪಂಪೇ ಇರಬೇಕು. ಬೇರೆ ಬೇರೆ ಎಂಜಿನ್‌ನ ಭಾಗ ಕೂಡಿಸಿದಾಗ ಇಲ್ಲಿ ಎಡವುತ್ತಾರೆ, ಆಮೇಲೆ ರೇಡಿಯೇಟರ್ ಬೈಯುತ್ತಾರೆ.

ಸೋಲಿಹಲ್_ಸತೀಶ:
ವಿ-ಬೆಲ್ಟ್. ಪಂಪ್, ಕವರ್, ಪುಲ್ಲಿ ಎಲ್ಲಾ ಅದೇ ಎಂಜಿನ್ ಜೊತೆ ಬಂದಿದ್ದು.

ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ಕವಾಟ) ತೆಗೆದು ಎಸೆಯಿರಿ, ತಂಪಾಗಿರುತ್ತೆ ಅಂದರು. ಇನ್ನೊಬ್ಬರು 88 ಡಿಗ್ರಿಯದು ತೆಗೆದು 74ರದು ಹಾಕಿ ಅಂದರು.

ಹುಬ್ಳಿ_ಗ್ಯಾರೇಜ್:
ಎಸೀಬ್ಯಾಡ್ರಿ! ಥರ್ಮೋಸ್ಟಾಟ್ ತೆರೆಯುವುದು ಯಾವಾಗ ಶುರು ಅಂತ ಹೇಳುತ್ತದೆ, ಗರಿಷ್ಠ ಎಷ್ಟು ಬಿಸಿ ಅಂತ ಹೇಳುವುದಿಲ್ಲ. ಪೂರ್ತಿ ತೆರೆದ ಮೇಲೆ 74ರದೂ ಒಂದೇ, 88ರದೂ ಒಂದೇ. ತೆಗೆದು ಎಸೆದರೆ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ, ಆಯಿಲ್‌ನಲ್ಲಿ ನೀರು ಉಳಿಯುತ್ತದೆ, ಸಿಲಿಂಡರ್ ಸವೆಯುತ್ತದೆ. 82ರದು ಹಾಕಿ, ಅದರ ತಟ್ಟೆಯಲ್ಲಿ 3 ಮಿ.ಮೀ. ತೂತು ಕೊರೆದು, ತೂತು ಮೇಲ್ಬದಿಗೆ ಬರುವ ಹಾಗೆ ಕೂರಿಸಿ. ನೀರು ತುಂಬುವಾಗ ಗಾಳಿ ಅಲ್ಲಿಂದ ಹೊರಗೆ ಬರುತ್ತದೆ.

ಇನ್ನೊಂದು. ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇದೆಯಾ ನೋಡಿ. ಅದು ಪಂಪ್ ಹೀರುವ ಬದಿ. ಹೋಸ್ ಮೆತ್ತಗಿದ್ದರೆ ಎಂಜಿನ್ ಜೋರು ತಿರುಗಿದಾಗ ಚಪ್ಪಟೆ ಆಗುತ್ತದೆ. ನಿಂತಾಗ ನೋಡಿದರೆ ಎಲ್ಲಾ ಸರಿ ಇರುತ್ತದೆ, ಹೈವೇಯಲ್ಲಿ ಮಾತ್ರ ಕುದಿಯುತ್ತದೆ. ಇಗ್ನಿಷನ್ ಟೈಮಿಂಗ್ ಹಿಂದಿದ್ದರೂ ಹೀಟ್ ಆಗುತ್ತದೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತು ಹಾಕಿದ ಗಾಡಿಗಳು ಐಡಲ್‌ನಲ್ಲೇ ಬಿಸಿಯಾಗುವುದನ್ನು ಬಹಳ ನೋಡಿದ್ದೇನೆ.

ಜಯನಗರ_ಕೂಲೆಂಟ್:
ಹುಬ್ಳಿ ಅಣ್ಣನ ಮಾತಿಗೆ ನನ್ನದೂ ಸಹಿ.

ಕೂಲೆಂಟ್ ವಿಷಯ ಸ್ವಲ್ಪ. ಅರ್ಧ ನೀರು ಅರ್ಧ ಗ್ಲೈಕಾಲ್ (ಆಂಟಿಫ್ರೀಜ್) ಹಾಕಿದರೆ ಮೈನಸ್ 37ರ ತನಕ ಹೆಪ್ಪುಗಟ್ಟುವುದಿಲ್ಲ, ಕುದಿಯುವುದು 107ರ ಹತ್ತಿರ. ರೇಡಿಯೇಟರ್ ಕ್ಯಾಪ್ ತಡೆಯುವ ಒತ್ತಡ ಒಂದು ಪಿಎಸ್ಐ (ಚದರ ಇಂಚಿಗೆ ಒಂದು ಪೌಂಡ್) ಏರಿದರೆ ಕುದಿಬಿಂದು ಒಂದೂವರೆ ಡಿಗ್ರಿ ಚಿಲ್ಲರೆ ಏರುತ್ತದೆ. ಶಾಖ ಹೊರುವುದರಲ್ಲಿ ಬರೀ ನೀರೇ ಮುಂದು, ಆದರೆ ನಿಮ್ಮ ಅಲ್ಯೂಮಿನಿಯಂ ಎಂಜಿನ್‌ಗೆ ತುಕ್ಕು ತಡೆಯುವ ಅಂಶ ಬೇಕೇ ಬೇಕು. ಎಂಜಿನ್ ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ ಆದರೆ ಕೂಲೆಂಟ್ ಆಯ್ಕೆ ಸುಲಭ, ಕೂಲೆಂಟ್ ಸೀಸದ ಬೆಸುಗೆ ತಿನ್ನುವ ಚಿಂತೆ ಇಲ್ಲ. ಹೀಟರ್ ಕೋರ್ (ಕಾರಿನ ಒಳಗೆ ಬೆಚ್ಚಗಿಡುವ ಪುಟ್ಟ ರೇಡಿಯೇಟರ್) ಹಳೇ ಹಿತ್ತಾಳೆಯದಾದರೆ ಮಾತ್ರ ಆ ಚಿಂತೆ ಇದ್ದೇ ಇದೆ. ಆಗ ಹಳೇ ಕಾರಿಗೆ ಅಂತಲೇ ಬರುವ ಕೂಲೆಂಟ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಅಲ್ಯೂಮಿನಿಯಂ ರೇಡಿಯೇಟರನ್ನು ಕರೆಂಟ್ ತಿನ್ನುತ್ತದೆ. ಫ್ಯಾನ್‌ನ ಅರ್ತ್ ತಂತಿಯನ್ನು ರೇಡಿಯೇಟರ್ ಬ್ರಾಕೆಟ್‌ಗೆ ಕೊಡಬೇಡಿ, ನೇರ ಬಾಡಿಗೆ ಕೊಡಿ. ರೇಡಿಯೇಟರನ್ನು ರಬ್ಬರ್ ಬುಷ್ ಮೇಲೆ ಕೂರಿಸಿ. ಎಲ್ಲಾ ಮುಗಿದ ಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲೋಹಕ್ಕೆ ತಾಗದ ಹಾಗೆ ಕೂಲೆಂಟ್ ಒಳಗೆ. ಫ್ಯಾನ್, ಲೈಟ್ ಎಲ್ಲಾ ಹಾಕಿ ನೋಡಿ. 0.3 ವೋಲ್ಟ್ ದಾಟಿದರೆ ಎಲ್ಲೋ ಅರ್ತ್ ಸರಿ ಇಲ್ಲ.

ಫೀನಿಕ್ಸ್_ಪ್ರಸಾದ:
ಕರೆಂಟ್ ಅಂದಿದ್ದಕ್ಕೆ ನೆನಪಾಯ್ತು. ಎರಡು ದೊಡ್ಡ ಫ್ಯಾನ್ ಸೇರಿ 30-40 ಆಂಪ್ ಎಳೆಯಬಹುದು. ಹಳೇ ಎಂಜಿಬಿ ಆಲ್ಟರ್ನೇಟರ್ ಅದನ್ನು ತಡೆಯಲ್ಲ. ರೇಂಜ್ ರೋವರ್ ಎಂಜಿನ್ ಜೊತೆ ಬಂದದ್ದನ್ನೇ ಉಳಿಸಿಕೊಳ್ಳಿ. ಪ್ರತಿ ಫ್ಯಾನ್‌ಗೆ ಬೇರೆ ರಿಲೇ, ಬೇರೆ ಫ್ಯೂಸ್. ಒಂದು ಹೋದರೂ ಇನ್ನೊಂದು ಮನೆ ಸೇರಿಸುತ್ತೆ.

ಸೋಲಿಹಲ್_ಸತೀಶ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮುಂದಿನ ಪ್ಯಾನೆಲ್ ಬಿಚ್ಚಿ ಅಳತೆ ತೆಗೆದೆ. ಮುಂದಕ್ಕೆ ತಂದರೆ 42 ಮಿ.ಮೀ. ಕೋರ್, ಹಿಂದಿನಿಂದ ಎಳೆಯುವ ಎರಡು ತೆಳು ಫ್ಯಾನ್, ಶ್ರೌಡ್ ಎಲ್ಲಾ ಕೂರುತ್ತದೆ. 56ರದ್ದು ಹಾಕಿದರೆ ಶ್ರೌಡ್‌ಗೆ ಜಾಗ ಇಲ್ಲ. ಹಾಗಾಗಿ ವಿ8 ಜಾಗದಲ್ಲಿ, ವಿ8 ಅಳತೆಯ ಅಲ್ಯೂಮಿನಿಯಂ, 42 ಮಿ.ಮೀ. ಅಂತ ಹೇಳಿ ಮಾಡಿಸುತ್ತೇನೆ. ಹೆಡರ್ ಆರ್‌ವಿ8 ಥರದ್ದು.

ಒಂದು ತೊಡಕು ಉಳಿದಿದೆ. ಹೀಗೆ ಇಟ್ಟರೆ ರೇಡಿಯೇಟರ್ ಮೇಲ್ತುದಿ ಎಂಜಿನ್‌ನ ಥರ್ಮೋಸ್ಟಾಟ್ ಹೌಸಿಂಗ್‌ಗಿಂತ ಕೆಳಗೆ ಬರುತ್ತದೆ. ಕ್ಯಾಪ್ ರೇಡಿಯೇಟರ್ ಮೇಲೆ ಇರಲಾ?

ವೇಲ್ಸ್_ವೀಣಾ:
ಬೇಡ. ಕ್ಯಾಪ್ ಇಲ್ಲದ ರೇಡಿಯೇಟರ್ ಮಾಡಿಸಿ. ಒತ್ತಡ ತಡೆಯುವ ಹೆಡರ್ ಟ್ಯಾಂಕ್ ಒಂದನ್ನು ಒಳ ಮಡ್‌ಗಾರ್ಡ್ ಮೇಲೆ, ಇಡೀ ವ್ಯವಸ್ಥೆಯಲ್ಲೇ ಎತ್ತರದ ಜಾಗದಲ್ಲಿ ಕೂರಿಸಿ, ಕ್ಯಾಪ್ ಅದರ ಮೇಲೆ. ರೇಡಿಯೇಟರ್‌ನ ಮೇಲ್ಮೂಲೆಯಿಂದ ಒಂದು, ಇನ್‌ಲೆಟ್ ಮ್ಯಾನಿಫೋಲ್ಡ್‌ನ ನೀರಿನ ಎತ್ತರದ ಬಿಂದುವಿನಿಂದ ಒಂದು, ಹೀಗೆ ಎರಡು ಸಣ್ಣ ಪೈಪ್ ಸದಾ ಏರುಮುಖವಾಗಿ ಟ್ಯಾಂಕಿಗೆ ಬರಲಿ. ಟ್ಯಾಂಕಿನ ತಳದಿಂದ ದಪ್ಪ ಪೈಪ್ ಪಂಪ್ ಹೀರುವ ಬದಿಗೆ ಹೋಗಲಿ. ಗಾಳಿ ತಾನಾಗಿ ಮೇಲೆ ಬರುತ್ತೆ, ನೀರು ಕೆಳಗೆ ಹೋಗುತ್ತೆ. ಕಾರಿನ ಮೂಗು ಎತ್ತಿ ನಿಲ್ಲಿಸಿ ಗಾಳಿ ಬಿಡಿಸುವ ಸರ್ಕಸ್ ಬೇಕಿಲ್ಲ.

ಹಾಗೇ ಡಿವಿಎಲ್ಎಗೆ (ಅಲ್ಲಿನ ವಾಹನ ನೋಂದಣಿ ಕಚೇರಿ) ಹೊಸ ಎಂಜಿನ್ ನಂಬರ್, ಸಿಸಿ ತಿಳಿಸಿ, ವಿಮೆಯವರಿಗೂ.

ಹುಬ್ಳಿ_ಗ್ಯಾರೇಜ್:
ಕ್ಯಾಪ್ ತರುವ ಮೊದಲು ಹೀಟರ್ ಕೋರ್ ಹೊರಗೆ ತೆಗೆದು ನೀರಲ್ಲಿ ಮುಳುಗಿಸಿ ಗಾಳಿ ಒತ್ತಿ ಪರೀಕ್ಷೆ ಮಾಡ್ರಿ ಸತೀಶ್ ಸರ್. 1972ರದ್ದು ಕಡಿಮೆ ಒತ್ತಡಕ್ಕೆ ಮಾಡಿದ್ದು. 15 ಪಿಎಸ್ಐ ಕ್ಯಾಪ್ ಹಾಕಿದ ದಿನವೇ ನಿಮ್ಮ ಕಾಲ ಮೇಲೆ ಬಿಸಿನೀರು ಬರಬಾರದು. ತಡೆಯದಿದ್ದರೆ ಅದನ್ನೂ ಹೊಸದು ಮಾಡಿಸಿ. ಅದನ್ನಾದರೂ ತಾಮ್ರದ್ದೇ ಹಾಕಿಸ್ರಿ!